ತಾತನ ಅಂಬಾಸಿಡರಿಗೆ ಮೊದಲು ಬ್ರೇಕು, ಆಮೇಲೆ ಬಣ್ಣ

ಪ್ರಶ್ನೆ: ನಮ್ಮ ತೋಟದ ಶೆಡ್ಡಿನಲ್ಲಿ ತಾತನ 1964ರ ಅಂಬಾಸಿಡರ್, ಒಂದು ಪೆಟ್ರೋಲ್ ಜೀಪು, ಮಾವು ಸಾಗಿಸುತ್ತಿದ್ದ ಹಳೆಯ ಟಾಟಾ ಮರ್ಸಿಡಿಸ್ ಲಾರಿ ವರ್ಷಗಳಿಂದ ನಿಂತಿವೆ. ಗುಜರಿಗೆ ಹಾಕಲು ಮನಸ್ಸಿಲ್ಲ. ದುರಸ್ತಿ ಎಲ್ಲಿಂದ ಶುರುಮಾಡಲಿ? ಕಾನೂನಿನ ತೊಡಕಿದೆಯೇ?
– ಓದುಗರು, ಮಾಗಡಿ

ಉತ್ತರ: ಗುಜರಿಗೆ ಹಾಕದೆ ಒಳ್ಳೆಯದು ಮಾಡಿದಿರಿ. ಈಗ ಬಣ್ಣದ ಅಂಗಡಿಗೂ ಓಡಬೇಡಿ. ಹಳೆಯ ಗಾಡಿಯನ್ನು ಹೊಸದು ಮಾಡುವುದು ಬೇರೆ, ಉಳಿಸುವುದು ಬೇರೆ. ನಿಮ್ಮ ಕೆಲಸ ಉಳಿಸುವುದು.

ಮೂರನ್ನೂ ಒಟ್ಟಿಗೆ ಬಿಚ್ಚಬೇಡಿ. ಅಂಬಾಸಿಡರಿನಿಂದ ಆರಂಭಿಸಿ. ಈ ಕಾರು 1957ರಿಂದ 2014ರವರೆಗೂ ತಯಾರಾಗಿದ್ದರಿಂದ ಬಿಡಿಭಾಗಗಳನ್ನು ಹುಡುಕುವುದು ಸುಲಭ; ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಬಹಳ ಕಾಲ ನಿಂತ ಎಂಜಿನ್ನಿಗೆ ನೇರವಾಗಿ ಸೆಲ್ಫ್ ಹೊಡೆಯಬಾರದು, ಗಾಡಿ ತಳ್ಳಿಸಲೂಬಾರದು. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ನೆನೆಯಲು ಬಿಟ್ಟು, ಆಮೇಲೆ ಹ್ಯಾಂಡಲಿನಿಂದ ನಿಧಾನವಾಗಿ ತಿರುಗಿಸಿ. ಬ್ಯಾಟರಿ ಜೋಡಿಸುವಾಗ ಎಚ್ಚರ: ಆ ಕಾಲದ ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಲ್ಲಿ ಬಾಡಿಗೆ ಅರ್ತ್ ಆಗಿರುವುದು ಪಾಸಿಟಿವ್ ತುದಿ.

ಎಂಜಿನ್ ತಿರುಗಿತೆಂದು ರಸ್ತೆಗಿಳಿಸಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಅದರಿಂದ ವೀಲ್ ಸಿಲಿಂಡರ್ ಒಳಗೆ ತುಕ್ಕು ಹಿಡಿಯುತ್ತದೆ, ವಯಸ್ಸಾದ ರಬ್ಬರ್ ಕಪ್ ಸೋರುತ್ತದೆ. ಇವನ್ನೆಲ್ಲ ಬದಲಿಸಿದ ಮೇಲೆಯೇ ಗಾಡಿ ಶೆಡ್ಡಿನಿಂದ ಹೊರಬರಲಿ. ಬಿಚ್ಚುವ ಮುನ್ನ ಪ್ರತಿ ಭಾಗದ ಫೋಟೊ ತೆಗೆದು, ಡಬ್ಬಿಗೆ ಹೆಸರಿನ ಚೀಟಿ ಅಂಟಿಸಿ.

ಇಂಧನವೂ ಬದಲಾಗಿದೆ. ನಮ್ಮಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಸೀಸವಿಲ್ಲದೆ ಹಳೆಯ ವಾಲ್ವ್ ಸೀಟುಗಳು ಬೇಗ ಸವೆಯುತ್ತವೆ. ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಕೂರಿಸಿದರೆ ಆ ಚಿಂತೆಯಿಲ್ಲ. ಇಂದಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಅದು ಹಳೆಯ ರಬ್ಬರ್ ಪೈಪನ್ನು ಊದಿಸುತ್ತದೆ, ಟ್ಯಾಂಕಿಗೆ ನೀರು ಸೆಳೆಯುತ್ತದೆ. ಎಥನಾಲ್ ತಾಳುವ ಪೈಪನ್ನೇ ಹಾಕಿಸಿ.

ಕಾನೂನಿನ ವಿಷಯ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ಗಾಡಿಗಳಿಗೆ ಇದು ಅನ್ವಯ. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ 'ಎಂವೈ' ಫಲಕವಿದ್ದರೆ ಅದನ್ನು ಕಳೆದುಕೊಳ್ಳಬೇಡಿ. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯಲ್ಲಿ ದಿನನಿತ್ಯ ಓಡಾಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವಂಥ ಕೆಲಸಕ್ಕಷ್ಟೇ ರಸ್ತೆಗಿಳಿಸಬಹುದು. ನಿಮ್ಮ ಲಾರಿ ಬಾಡಿಗೆ ಗಾಡಿಯಾಗಿ ನೋಂದಣಿಯಾಗಿದ್ದರೆ ಈ ನಿಯಮದಡಿ ಬರುವುದಿಲ್ಲ. ಅದನ್ನು ಅಂಗಳದಲ್ಲೇ ಉಳಿಸಿ. ಮರದ ಹಲಗೆಗಳನ್ನು ನಿಮ್ಮೂರ ಬಡಗಿಯೇ ಸರಿಮಾಡಬಲ್ಲ. ಮೂರೂ ಗಾಡಿಗಳ ಆರ್.ಸಿ. ಹಿಡಿದು ರಾಮನಗರದ ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿ.

ದುರಸ್ತಿಗಿಂತ ದೊಡ್ಡದು ನಿರ್ವಹಣೆ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸಿದರೆ ಒಳಗೆ ಬೆವರಿ ತುಕ್ಕು ಬರುತ್ತದೆ. ಹತ್ತಿ ಬಟ್ಟೆ ಹೊದಿಸಿ. ವೈರು ಕಡಿಯುವ ಇಲಿಗಳನ್ನು ದೂರವಿಡಿ. ಹದಿನೈದು ದಿನಕ್ಕೊಮ್ಮೆ ಎಂಜಿನ್ ಚೆನ್ನಾಗಿ ಕಾಯುವಷ್ಟು ಓಡಿಸಿ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ. ನಿಯಮದ ಮಿತಿಯಿಂದ ರಸ್ತೆಗೆ ತರಲಾಗದಿದ್ದರೆ ತೋಟದೊಳಗೇ ಸುತ್ತಿಸಿ.

ಒಮ್ಮೆ ಚನ್ನಪಟ್ಟಣ ದಾಟಿ ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯಲ್ಲಿರುವ 'ಪಯಣ' ಕಾರು ಸಂಗ್ರಹಾಲಯ ನೋಡಿ ಬನ್ನಿ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹ ಅಲ್ಲಿದೆ.

ಕೊನೆಯದಾಗಿ ಒಂದು ಮಾತು. ಕಾರ್ಬೊರೇಟರ್, ಡೈನಮೊಗಳನ್ನು ಕಿವಿಯಿಂದಲೇ ಸರಿಹೊಂದಿಸುವ ಮೇಸ್ತ್ರಿಗಳು ಮಾಗಡಿ, ಕನಕಪುರ, ರಾಮನಗರದ ಗ್ಯಾರೇಜುಗಳಲ್ಲಿ ಇನ್ನೂ ಸಿಕ್ಕಾರು. ಅವರಿಗೆ ವಯಸ್ಸಾಗುತ್ತಿದೆ. ಒಬ್ಬರನ್ನು ಹುಡುಕಿ ಶೆಡ್ಡಿಗೆ ಕರೆತನ್ನಿ, ಪಕ್ಕದಲ್ಲಿ ಕೂತು ಕಲಿಯಿರಿ, ಬರೆದಿಟ್ಟುಕೊಳ್ಳಿ. ಬಿಡಿಭಾಗ ನಾಳೆಯೂ ಸಿಗಬಹುದು. ಆ ಕೈಗುಣ ಸಿಗುವುದು ಇವತ್ತು ಮಾತ್ರ.