ತಿಕ್ಕುವ ಮೊದಲು

ಮಗಳೇ, ಕೆಮಿಸ್ಟ್ರಿ ಓದಿದವಳು ಅಂತ ಹೊಸೂರಿನ ನಮ್ಮವರು ದೇವಸ್ಥಾನದ ಕಂಚಿನ ಉತ್ಸವಮೂರ್ತಿಯ ಕಿಲುಬು ತೆಗೆಯುವ ಕೆಲಸ ನಿನಗೇ ವಹಿಸಿದ್ದಾರಂತೆ. ಸಂತೋಷ. ಆದರೆ ಹುಣಸೆಹಣ್ಣು ನೆನೆಹಾಕುವ ಮೊದಲು ನನ್ನ ಮಾತು ಸ್ವಲ್ಪ ಕೇಳು.

ಕಿಲುಬೆಲ್ಲ ಒಂದೇ ಅಲ್ಲ ಕಣಮ್ಮ. ಮೈಗಂಟಿ ನಯವಾಗಿ ಕೂತ ಕಂದು, ಹಸಿರು ಪದರ ಒಳಗಿನ ಕಂಚನ್ನು ಕಾಯುತ್ತದೆ. ಅದನ್ನು ತಿಕ್ಕಿದರೆ ಶಿಲ್ಪಿ ಕೊರೆದ ಕಣ್ಣಿನ ಗೆರೆಯೂ ಸವೆದುಹೋಗುತ್ತದೆ. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿಯ ವಿಷಯ ಬೇರೆ. ಅದರಡಿ ತಾಮ್ರದ ಕ್ಲೋರೈಡ್ ಅಡಗಿರುತ್ತದೆ; ತೇವ, ಗಾಳಿ ಸಿಕ್ಕಿದರೆ ಆಮ್ಲ ಹುಟ್ಟಿಸಿ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಅಭಿಷೇಕದ ಎಳನೀರಿನಲ್ಲೂ ಕ್ಲೋರೈಡ್ ಇದೆ. ಅಭಿಷೇಕವಾದ ಮೇಲೆ ಚೆನ್ನಾಗಿ ತೊಳೆದು, ಸಂದಿಗೊಂದಿಯಲ್ಲೂ ಒರೆಸಿ ಎಂದು ಅರ್ಚಕರಿಗೆ ವಿನಯದಿಂದ ಹೇಳು.

ಚೆನ್ನೈ ಎಗ್ಮೋರ್ ಮ್ಯೂಸಿಯಂನಲ್ಲಿ 1930ರಲ್ಲೇ ಇಂಥ ವಸ್ತುಗಳನ್ನು ಕಾಪಾಡಲು ಒಂದು ಪ್ರಯೋಗಾಲಯ ಶುರುವಾಯಿತು. ಎಸ್. ಪರಮಶಿವನ್ ಅವರು ಅಲ್ಲಿ ಕಂಚಿನ ಮೂರ್ತಿಗಳನ್ನು ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಕಿಲುಬು ಬಿಡಿಸುತ್ತಿದ್ದರು. ದೊಡ್ಡ ಕೆಲಸ ಅದು. ಈಗ ಮೂರ್ತಿಯನ್ನು ಮುಳುಗಿಸದೆ, ಪದರ ಎಷ್ಟರಮಟ್ಟಿಗೆ ಕಾಯುತ್ತಿದೆ ಎಂದು ಮೊದಲು ಅಳೆದು ನೋಡಬಹುದು. ಮ್ಯಾಡ್ರಿಡ್‌ನ ಎಮಿಲಿಯೊ ಕ್ಯಾನೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ದ್ರಾವಣದ ಜಾಗಕ್ಕೆ ಅಗರ್ ಜೆಲ್ ಬಂತು. ಅಗರ್ ಅಂದರೆ ನಿಮ್ಮ ಕಡೆ ಅಂಗಡಿಯಲ್ಲಿ ಸಿಗುವ ಕಡಲ್‌ಪಾಸಿ. ಜೆಲ್ ಹರಿದುಹೋಗುವುದಿಲ್ಲ, ಭುಜದ ಉಬ್ಬಿನ ಮೇಲೂ ಹೊಂದಿಕೊಂಡು ಕೂರುತ್ತದೆ. ಅದರೊಳಗಿನ ಎಲೆಕ್ಟ್ರೋಡುಗಳಿಂದ ಹತ್ತು ಮಿಲಿವೋಲ್ಟ್‌ನಷ್ಟು ಪುಟ್ಟ ಪರ್ಯಾಯ ವೋಲ್ಟೇಜ್ ಕೊಟ್ಟು, ಆವರ್ತನ ಇಳಿಸುತ್ತಾ ಹೋಗುತ್ತಾರೆ. ಕೆಳ ಆವರ್ತನದಲ್ಲೂ ತಡೆ ಹೆಚ್ಚಾಗಿದ್ದರೆ ಪದರ ಕಾಯುತ್ತಿದೆ ಎಂದು ತಿಳಿ.

ಕಾಲೇಜು ಲ್ಯಾಬಿನ ಅಭ್ಯಾಸಬಲದಿಂದ ಜೆಲ್‌ಗೆ ಉಪ್ಪು ಬೆರೆಸಬೇಡ, ಬೋರ್‌ವೆಲ್ ನೀರೂ ಬೇಡ. ಅಡುಗೆಯ ಅಗರ್ ಬಿಟ್ಟು ಲ್ಯಾಬಿನದನ್ನೇ ತರಿಸು. ಕ್ಲೋರೈಡ್ ಇಲ್ಲದ ತೆಳು ದ್ರಾವಣ ಸಾಕು. ಅಳತೆಗೆ ಮುಂಚೆ ಮೂರ್ತಿಯ ಸ್ವಂತ ವೋಲ್ಟೇಜ್ ಸ್ಥಿರವಾಗುವವರೆಗೆ ಕಾಯಿ. ಒಂದೇ ಜಾಗದ ಅಂಕಿ ನಂಬಬೇಡ. ಪೀಠ, ಬೆನ್ನು, ತೋಳು ಎಲ್ಲ ನೋಡು. ಮುಗಿದ ಮೇಲೆ ಬಟ್ಟಿಯಿಳಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸು. ಅಳೆಯುವ ಯಂತ್ರ ಇಲ್ಲವೆಂದು ಕೈಕಟ್ಟಿ ಕೂರಬೇಡ, ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆಗೆ ಒಂದು ಕಾಗದ ಬರಿ. ಲೋಹ ಸವೆಯುವುದನ್ನೇ ಓದುವವರು ಅಲ್ಲಿದ್ದಾರೆ.

ಪುಡಿ ಉದುರುವ ಜಾಗಕ್ಕೆ ಮಾತ್ರ ಜೆಲ್ ತಾಗಿಸಲೇಬೇಡ, ಅದರ ತೇವವೇ ಸಾಕು ಕೆಡಿಸಲು. ಮೂರ್ತಿಯನ್ನು ಒಣ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಫೋಟೊ ತೆಗೆದುಕೊಂಡು ಕೃಷ್ಣಗಿರಿಯ ಸರ್ಕಾರಿ ಮ್ಯೂಸಿಯಂಗೆ ಹೋಗು. ಅದೂ ಎಗ್ಮೋರಿನ ಇಲಾಖೆಯದೇ. ಮುಂದಿನ ದಾರಿ ಅಲ್ಲಿ ಕೇಳು.