ಹೆಡ್‌ಸೆಟ್ಟಿನೊಳಗಿನ ಕಣ್ಣು: ಅಭಿರುಚಿ ಮತ್ತು ದೃಷ್ಟಿದೋಷ

ವರ್ಚುವಲ್ ರಿಯಾಲಿಟಿ ಆಟಗಳಲ್ಲಿ ಒಬ್ಬರಿಗೆ ಹಿಡಿಸಿದ್ದು ಮತ್ತೊಬ್ಬರಿಗೆ ತಾಳಲಾಗದೆ ಹೋಗುವುದನ್ನು ಸಾಮಾನ್ಯವಾಗಿ ಅಭಿರುಚಿಯ ಭೇದವೆಂದು ತಿಳಿಯಲಾಗುತ್ತದೆ; ಆದರೆ ಹೀಗೆ ಅಭಿರುಚಿಯೆನ್ನಿಸಿಕೊಳ್ಳುವ ಆಯ್ಕೆಗಳಲ್ಲಿ ಹಲವನ್ನು ಆಟಗಾರನ ಕಣ್ಣು ಅವನ ಅರಿವಿಗೆ ಬಾರದಂತೆ ಮೊದಲೇ ತೀರ್ಮಾನಿಸಿರುತ್ತದೆ ಎಂಬುದು ಈ ಲೇಖಕನು ಸಾಕಷ್ಟು ನೋವುಂಡು ಕಂಡುಕೊಂಡ ಸಂಗತಿ.

ಎರಡು ಕಣ್ಣುಗಳಿಗೆ ತುಸು ಬೇರೆಬೇರೆಯಾದ ಚಿತ್ರಗಳನ್ನು ತೋರಿಸಿದರೆ ಮಿದುಳು ಅವನ್ನು ಕೂಡಿಸಿ ಆಳವನ್ನು ಕಾಣುತ್ತದೆ ಎಂಬುದನ್ನು ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಕನ್ನಡಿಗಳ ಸಾಧನವೊಂದರಿಂದ ತೋರಿಸಿಕೊಟ್ಟನು, ಇಂದಿನ ಹೆಡ್‌ಸೆಟ್ಟುಗಳು ನಿಂತಿರುವುದೂ ಅದೇ ತತ್ತ್ವದ ಮೇಲೆ. ಪರದೆಯು ಕಣ್ಣಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿದ್ದರೂ ನಡುವಿನ ಮಸೂರಗಳು ಅದರ ಬಿಂಬವನ್ನು ಸಾಮಾನ್ಯವಾಗಿ ಒಂದರಿಂದ ಎರಡು ಮೀಟರ್ ಆಚೆಗೆ ಒಯ್ದು ನಿಲ್ಲಿಸುವುದರಿಂದ, ಪರದೆ ಹತ್ತಿರವಿದ್ದ ಮೇಲೆ ಸಮೀಪದೃಷ್ಟಿಯವರಿಗೆ, ಅಂದರೆ ಮೈನಸ್ ಪವರಿನವರಿಗೆ, ಕನ್ನಡಕ ಬೇಡವೆಂಬ ಮಾತು ತಪ್ಪು. ಮೈನಸ್ 4 ಇರುವವರಿಗೆ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವುದು ಕಾಲು ಮೀಟರಿನವರೆಗೆ ಮಾತ್ರ. ನಲವತ್ತು ದಾಟಿ ಚಾಳೀಸು ಬಂದವರ ಸ್ಥಿತಿ ಇದಕ್ಕೆ ವಿರುದ್ಧವಾದುದು: ಓದುವ ಕನ್ನಡಕವಿಲ್ಲದೆಯೇ ಅವರಲ್ಲಿ ಅನೇಕರಿಗೆ ಹೆಡ್‌ಸೆಟ್ಟಿನೊಳಗಿನ ಅಕ್ಷರಗಳು ಚೆನ್ನಾಗಿ ಕಾಣುತ್ತವೆ.

ನಿಜಜಗತ್ತಿನಲ್ಲಿ ವಸ್ತುವೊಂದು ಹತ್ತಿರ ಬಂದಂತೆ ಎರಡೂ ಕಣ್ಣುಗಳು ಮೂಗಿನ ಕಡೆಗೆ ತಿರುಗುತ್ತವೆ, ಜೊತೆಗೇ ಕಣ್ಣೊಳಗಿನ ಮಸೂರವೂ ಆ ದೂರಕ್ಕೆ ಹೊಂದಿಕೊಳ್ಳುತ್ತದೆ. ಹೆಡ್‌ಸೆಟ್ಟಿನಲ್ಲಿ ತಿರುಗುವ ಕೆಲಸ ವಸ್ತುವಿನ ದೂರಕ್ಕೆ ತಕ್ಕಂತೆ ಬದಲಾಗುತ್ತಿದ್ದರೆ ಹೊಂದಿಕೊಳ್ಳುವ ಕೆಲಸ ಒಂದೇ ದೂರಕ್ಕೆ ಕಟ್ಟುಬಿದ್ದಿರುತ್ತದೆ. ಎಳವೆಯಿಂದ ಜೊತೆಯಾಗಿ ನಡೆದ ಈ ಎರಡು ಕ್ರಿಯೆಗಳನ್ನು ಬೇರ್ಪಡಿಸಿದರೆ ಕಣ್ಣು ದಣಿಯುತ್ತದೆ ಎಂಬುದನ್ನು ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಇದರ ಮೇಲೆ ಪಾಪೆಗಳ ನಡುವಣ ಅಂತರದ ಪ್ರಶ್ನೆಯೂ ಇದೆ. ವಯಸ್ಕರಲ್ಲಿ ಇದರ ಸರಾಸರಿ ಸುಮಾರು 63 ಮಿಲಿಮೀಟರ್. 2020ರ ಕ್ವೆಸ್ಟ್ 2 ಹೆಡ್‌ಸೆಟ್ಟಿನಲ್ಲಿ ಮಸೂರಗಳಿಗೆ 58, 63 ಮತ್ತು 68 ಎಂಬ ಮೂರು ನೆಲೆಗಳಿದ್ದರೆ, 2023ರ ಕ್ವೆಸ್ಟ್ 3ರಲ್ಲಿ ಚಕ್ರ ತಿರುಗಿಸಿ ಬೇಕಾದಷ್ಟಕ್ಕೆ ಹೊಂದಿಸಿಕೊಳ್ಳಬಹುದು. ಕಣ್ಣು ಮಸೂರದ ನಡುಭಾಗದಿಂದ ಸರಿದಷ್ಟೂ ಚಿತ್ರ ಮಸುಕಾಗುತ್ತದೆ.

ಲೇಖಕನ ಅಂತರ 59. ಅಮೆರಿಕದಿಂದ ಹೆಡ್‌ಸೆಟ್ಟನ್ನು ತಂದುಕೊಟ್ಟ ಭಾವಮೈದುನನು ತನಗೆ ಒಗ್ಗುವ 68ರಲ್ಲಿ ಅದನ್ನು ಬಿಟ್ಟುಹೋಗಿದ್ದನು. ಕನ್ನಡಕದ ಅಂಗಡಿಯವರು ಕೊಟ್ಟ ಚೀಟಿಯಲ್ಲಿ ಪವರ್, ಸಿಲಿಂಡರ್ ಎಲ್ಲವೂ ಇದ್ದು ಈ ಒಂದು ಸಂಖ್ಯೆ ಮಾತ್ರ ಇರಲಿಲ್ಲ, ಎರಡು ಸಲ ಕೇಳಿದರೂ ಅದು ಗಿರಾಕಿಗೆ ಬೇಕಾದ ವಿಷಯವಲ್ಲವೆಂದು ಹೇಳಿ ಕಳುಹಿಸಿದರು. ತಲೆಸುತ್ತಿನ ಬಗ್ಗೆ ಫೋನಿನಲ್ಲಿ ಕೇಳಿದಾಗ ಭಾವಮೈದುನನಿಂದ ಬಂದ ಉತ್ತರ, "ಎರಡು ವಾರ ತಡೆದುಕೊಳ್ಳಿ ಭಾವ, ಎಲ್ಲರಿಗೂ ರೂಢಿ ಆಗತ್ತೆ" ಎಂಬುದಾಗಿತ್ತು. ಇವರಿಬ್ಬರಿಗಿಂತಲೂ ದೊಡ್ಡ ತಪ್ಪು ಲೇಖಕನ ಹಟದ್ದೇ. ಹಾಫ್-ಲೈಫ್: ಅಲಿಕ್ಸ್ ಆಟದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆದು ಸೇರುವ ಕ್ರಮವೂ ಹೆಬ್ಬೆರಳಿನ ಕೋಲನ್ನೊತ್ತಿ ಎಡೆಬಿಡದೆ ನಡೆಯುವ ಕ್ರಮವೂ ಇದ್ದು, ಮೊದಲನೆಯದು ಅಳ್ಳೆದೆಯವರದೆಂದು ತೀರ್ಮಾನಿಸಿ ಅವನು ಎರಡನೆಯದಕ್ಕೇ ಅಂಟಿಕೊಂಡಿದ್ದನು.

ಹತ್ತನೆಯ ರಾತ್ರಿ, ಆಟದ ಕತ್ತಲ ಸುರಂಗವೊಂದರಲ್ಲಿ, ಮುಖದ ಹತ್ತಿರ ಹಿಡಿದ ಪಿಸ್ತೂಲಿಗೆ ಗುಂಡಿನ ಮ್ಯಾಗಜೀನ್ ಸೇರಿಸಲು ಹೋದಾಗ ಪಿಸ್ತೂಲು ಎರಡಾಗಿ ಕಂಡಿತು. ಅದನ್ನು ಪರದೆಯ ದೋಷವೆಂದು ಬಗೆದು ಲೇಖಕನು ಕಣ್ಣು ಕಿರಿದುಮಾಡಿ ಎರಡನ್ನೂ ಬಲವಂತದಿಂದ ಕೂಡಿಸಿದನು. ಅವು ಕ್ಷಣಕಾಲ ಕೂಡಿ ಮತ್ತೆ ಬೇರ್ಪಟ್ಟವು, ಮತ್ತೆ ಕೂಡಿಸಿದನು, ಮತ್ತೆ ಬೇರ್ಪಟ್ಟವು. ಅಷ್ಟರಲ್ಲಿ ಹೆಬ್ಬೆರಳು ಒತ್ತಿದ್ದರಿಂದ ಇಡೀ ಸುರಂಗ ಎಡಕ್ಕೆ ತಿರುಗಿತು, ದೇಹ ಮಾತ್ರ ನಿಂತಲ್ಲೇ ನಿಂತಿತ್ತು. ಕಣ್ಣು ಚಲನೆಯಿದೆ ಎನ್ನುವಾಗ ಒಳಕಿವಿ ಇಲ್ಲವೆನ್ನುವ ಈ ವೈರುಧ್ಯದಿಂದ ಹೊಟ್ಟೆ ತೊಳಸಿ, ಬೆನ್ನು ಬೆವರಿ, ಮಂಡಿ ಸಡಿಲವಾಗಿ ಅವನು ನೆಲಕ್ಕೆ ಕುಸಿದು ಹೆಡ್‌ಸೆಟ್ಟನ್ನು ಕಿತ್ತೆಸೆದನು. ಅಸಲು ಭಯ ಹುಟ್ಟಿದ್ದು ಆಮೇಲೆ, ಏಕೆಂದರೆ ಗೋಡೆಯ ಟ್ಯೂಬ್‌ಲೈಟೂ ಎರಡಾಗಿತ್ತು. ನೀರು ತಂದ ಹೆಂಡತಿಯ ಕೈಯಲ್ಲಿ ಎರಡು ಲೋಟ ಕಂಡು, ಇಲ್ಲದ ಲೋಟಕ್ಕೆ ಕೈ ಚಾಚಿ ಗಾಳಿಯನ್ನು ಹಿಡಿದಾಗ, ಕಣ್ಣೇ ಹೋಯಿತೆಂದು ಅವನು ನಂಬಿದನು. ಒಂದು ಕಣ್ಣು ಮುಚ್ಚಿದರೆ ಲೋಟ ಒಂದಾಗುತ್ತಿತ್ತು, ತೆರೆದರೆ ಎರಡು. ಅರ್ಧ ಗಂಟೆ ಕಳೆದ ಮೇಲಷ್ಟೇ ಅವು ಮೆಲ್ಲಮೆಲ್ಲನೆ ಒಂದರೊಳಗೊಂದು ಸೇರಿದವು.

ಮರುದಿನ ನೇತ್ರತಜ್ಞೆಯೊಬ್ಬರು ಪರೀಕ್ಷಿಸಿ, ಲೇಖಕನಿಗೆ ಮರೆಯಾಗಿರುವ ಮಾಲುಗಣ್ಣು ಇದೆಯೆಂದು ವಿವರಿಸಿದರು. ಅಂದರೆ ಕಣ್ಣುಗಳು ವಿಶ್ರಾಂತಿಯಲ್ಲಿ ಹೊರಕ್ಕೆ ಸರಿಯಲೆಳಸುತ್ತವೆ, ಮಿದುಳು ದಿನವಿಡೀ ದುಡಿದು ಅವನ್ನು ಸರಿದಾರಿಯಲ್ಲಿಡುತ್ತದೆ, ಅದು ದಣಿದಾಗ ನೋಟ ಎರಡಾಗುತ್ತದೆ. ಆಟದಿಂದ ದೋಷ ಹುಟ್ಟಿರಲಿಲ್ಲ, ಬಯಲಾಗಿತ್ತು. ಪೆನ್ಸಿಲನ್ನು ನಿಧಾನವಾಗಿ ಮೂಗಿನ ಕಡೆಗೆ ತಂದು ಅದು ಎರಡಾಗದಂತೆ ನೋಡುವ ವ್ಯಾಯಾಮವನ್ನು ಅವರು ಹೇಳಿಕೊಟ್ಟರು, ಪಾಪೆಗಳ ಅಂತರವನ್ನು ಅರ್ಧ ನಿಮಿಷದಲ್ಲಿ ಅಳೆದು ಬರೆದೂ ಕೊಟ್ಟರು.

ಹೆಡ್‌ಸೆಟ್ ಕೊಳ್ಳುವವರು ಆ ಸಂಖ್ಯೆಯನ್ನು ಮೊದಲು ಪಡೆಯುವುದು, ಕನ್ನಡಕದ ಗಾಜು ಮಸೂರಕ್ಕೆ ಉಜ್ಜಿ ಗೀರು ಬೀಳದಂತೆ ನಡುವೆ ಅಂತರಪಟ್ಟಿಯನ್ನೋ ತಮ್ಮ ಪವರಿನ ಒಳಮಸೂರವನ್ನೋ ಹಾಕಿಕೊಳ್ಳುವುದು, ನೋಟ ಎರಡಾದ ಕ್ಷಣವೇ ನಿಲ್ಲಿಸುವುದು, ಅಂದು ಗಾಡಿ ಓಡಿಸದಿರುವುದು ಒಳಿತು. ಲೇಖಕನು ಈಗ ನೆಗೆದು ಸೇರುವ ಕ್ರಮದಲ್ಲೇ, ಕುಳಿತು, ಇಪ್ಪತ್ತು ನಿಮಿಷ ಮೀರದಂತೆ ಆಡುತ್ತಾನೆ, ಸುರಂಗವನ್ನು ಹಾಗೆಯೇ ದಾಟಿದ್ದಾನೆ. ಕಳೆದ ತಿಂಗಳು ಅದೇ ಅಂಗಡಿಯಲ್ಲಿ ಮಗಳಿಗೆ ಕನ್ನಡಕ ಮಾಡಿಸಿದಾಗ ಕೊಟ್ಟ ಚೀಟಿಯಲ್ಲಿ ಅಂತರದ ಜಾಗ ಮತ್ತೆ ಖಾಲಿಯಿತ್ತು. ಅದನ್ನು ತುಂಬಿಸಿಕೊಳ್ಳುವವರೆಗೆ ಅವನು ಅಲ್ಲಿಂದ ಏಳಲಿಲ್ಲ.