ದಂಡಕ್ಕೆ ದಂಡವನ್ನೇ ಹಾಕಿ

ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನ ಓದುವವರೇ, ಹೊಸಪೇಟೆ, ಕಂಪ್ಲಿಯ ಡಿಟಿಪಿ ಅಂಗಡಿಯವರೇ, ಒಂದು ಕಿವಿಮಾತು. ಶಾಸನಪಾಠದ ವಿರಾಮಚಿಹ್ನೆಯಾದ ದಂಡಕ್ಕೆ ಇಂಗ್ಲಿಷಿನ ಎಲ್ ಅಕ್ಷರ ಬಳಸಬೇಡಿ. ಆಮೇಲೆ ಹುಡುಕಿದರೆ ದಂಡ ಸಿಗುವುದಿಲ್ಲ. ವರ್ಡ್‌ನಲ್ಲಿ ಇಂಗ್ಲಿಷ್ ಅಂಕಿಯಲ್ಲಿ 0964 ಎಂದು ಬರೆದು, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ । ಬರುತ್ತದೆ, 0965ಕ್ಕೆ ॥. ಹಳಗನ್ನಡದ ಱ ಬೇಕಾದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಜೆ ಒತ್ತಿ.

ಜಪಾನಿ ಪ್ರವಾಸಿಗರಿಗಾಗಿ ಫಲಕ ಮಾಡುವವರು ವಿಂಡೋಸ್‌ಗೆ ಜಪಾನಿ ಕೀಲಿಮಣೆ ಸೇರಿಸಿಕೊಳ್ಳಿ. ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಬರೆದು ಸ್ಪೇಸ್ ಎರಡು ಸಲ ಒತ್ತಿದರೆ ಕಾಂಜಿ ಅಕ್ಷರಗಳ ಆಯ್ಕೆ ತೆರೆಯುತ್ತದೆ. ಜಪಾನಿಯ ಪೂರ್ಣವಿರಾಮವಾದ ಪುಟ್ಟ ವೃತ್ತಕ್ಕೆ ವರ್ಡ್‌ನಲ್ಲಿ ದಂಡದ ಹಾಗೆಯೇ ಬರೆಯಬೇಕಾದ ಸಂಖ್ಯೆ 3002. ಎಲ್ಲಕ್ಕಿಂತ ಮೊದಲು, ಯೂನಿಕೋಡ್ ಫಾಂಟನ್ನೇ ಬಳಸಿ. ಇಲ್ಲದಿದ್ದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ನಿಮ್ಮ ಅಕ್ಷರಗಳು ಕಲಸಿಹೋದಾವು.